ಫೋನ್ ಇಟ್ಟ ಮೇಲೆ ಆ ಕಡೆಯ ಕಂಪ್ಯೂಟರ್ ಏನು ಮಾಡುತ್ತೆ?

ಕಳೆದ ತಿಂಗಳ ಒಂದು ಗುರುವಾರ. ರಾತ್ರಿ ಒಂದೂ ಮುಕ್ಕಾಲು. ಮನೆಯಲ್ಲಿ ಕೂತು ಆಫೀಸಿನ ಲ್ಯಾಬ್‌ನಲ್ಲಿರೋ ಒಂದು ಹಳೇ ಸರ್ವರ್‌ಗೆ ಲಾಗಿನ್ ಆಗಿದ್ದೆ. ಫೈರ್‌ವಾಲ್‌ನಲ್ಲಿ ಒಂದೇ ಒಂದು ಸಾಲು ಬದಲಾಯಿಸೋದಿತ್ತು. ಬದಲಾಯಿಸಿ ಎಂಟರ್ ಒತ್ತಿದೆ. ಕರ್ಸರ್ ಅಲ್ಲೇ ನಿಂತುಬಿಡ್ತು.

ನೆಟ್ ಹೋಯ್ತೇನೋ ಅಂತ ಮೊದಲು ರೌಟರ್ ಕಡೆ ನೋಡಿದೆ. ಹಸಿರು ದೀಪ ಆರಾಮಾಗಿ ಉರೀತಿತ್ತು. ಹತ್ತು ಸೆಕೆಂಡ್ ಕಳೆದ ಮೇಲೆ ಹೊಟ್ಟೆ ಒಳಗೆ ಒಂಥರಾ ತಣ್ಣಗಾಯ್ತು. ಹೊರಗಿನಿಂದ ಯಾರೂ ಒಳಗೆ ಬರಬಾರದು ಅಂತ ನಾನೇ ನಿಯಮ ಹಾಕಿದ್ದೆ, ಮತ್ತು ಹೊರಗಿನಿಂದ ಬಂದವರಲ್ಲಿ ನಾನೂ ಒಬ್ಬ. ಕೂತ ಕೊಂಬೆಯನ್ನೇ ಕಡಿದದ್ದು ಅಂತಾರಲ್ಲ, ಅಚ್ಚುಕಟ್ಟಾಗಿ ಅದೇ.

ಸಮಾಧಾನ ಅಂದ್ರೆ ಆ ನಿಯಮವನ್ನ ಇನ್ನೂ ಸೇವ್ ಮಾಡಿರಲಿಲ್ಲ. ಯಾರಾದ್ರೂ ಆ ಡಬ್ಬಿಯ ಪವರ್ ಬಟನ್ ಒತ್ತಿ ರೀಸ್ಟಾರ್ಟ್ ಮಾಡಿದ್ರೆ ಎಲ್ಲ ಮೊದಲಿನಂತೆ. ಆದ್ರೆ ರಾತ್ರಿ ಎರಡು ಗಂಟೆಗೆ ಯಾರು ಒತ್ತಬೇಕು? ಬೆಳಿಗ್ಗೆ ಆರಕ್ಕೆ ಅದೇ ಸರ್ವರ್ ಮೇಲೆ ಡೆಮೊ ಬೇರೆ. ಕೊನೆಗೆ ಆಫೀಸಿನ ಗೇಟಿಗೆ ಫೋನ್ ಮಾಡಿದೆ.

"ಅಣ್ಣ, ನಾನು ಮೂರನೇ ಮಹಡಿಯ ಟೀಮಿನವನು. ಒಂದು ಉಪಕಾರ ಆಗ್ಬೇಕಿತ್ತು. ಲ್ಯಾಬ್‌ನಲ್ಲಿ ಎಡಗಡೆಯಿಂದ ಮೂರನೇ ಡಬ್ಬಿ, ಕರೀದು…"

"ನೀವು ಯಾರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಸಾರ್?" ಅಂದ್ರು ಸೆಕ್ಯುರಿಟಿ ಅಣ್ಣ. "ಫೋನ್ ಇಡಿ. ರಿಜಿಸ್ಟರ್‌ನಲ್ಲಿ ನಿಮ್ಮ ನಂಬರ್ ಇರ್ತದಲ್ಲ, ಅದಕ್ಕೆ ನಾನೇ ಮಾಡ್ತೀನಿ."

ರಿಜಿಸ್ಟರ್ ಹುಡುಕಿ ವಾಪಸ್ ಫೋನ್ ಮಾಡೋಕೆ ಅವರಿಗೆ ಆರು ನಿಮಿಷ ಹಿಡೀತು. ಆ ಆರು ನಿಮಿಷ ನಾನು ಮನಸ್ಸಿನಲ್ಲಿ ಅಂದ್ಕೊಂಡಿದ್ದನ್ನ ಮನೆಮಂದಿ ಓದೋ ಪತ್ರಿಕೆಯಲ್ಲಿ ಬರೆಯೋ ಹಾಗಿಲ್ಲ. ಅಂತೂ ಎರಡೂವರೆಗೆ ಸರ್ವರ್ ಎದ್ದು ಕೂತಿತು.

ಮಾರನೇ ದಿನ ಊಟಕ್ಕೆ ಕೂತಾಗ ಈ ಕಥೆ ಹೇಳಿದ್ದಕ್ಕೆ ನಮ್ಮ ಟೀಮಿನ ಹಿರಿಯರೊಬ್ಬರು ಜೋರಾಗಿ ನಕ್ಕರು. ಐವತ್ತು ದಾಟಿದವರು. "ಇದೇನು ಹೊಸ ತಪ್ಪಲ್ಲ ಕಣಯ್ಯಾ. ನಾವು ಡಾಸ್ ಕಾಲದಲ್ಲೇ ಮಾಡಿ ಮುಗಿಸಿದೀವಿ. ಸಿಟಿಟಿವೈ ಅಂತ ಒಂದು ಕಮಾಂಡ್ ಇತ್ತು. ಬಿಡುವಾದಾಗ ಹಾಕಿ ನೋಡು" ಅಂದ್ರು. ಶನಿವಾರ ಬಿಡುವಿತ್ತು, ಹಾಕಿ ನೋಡಿದೆ. ಈ ಸಲದ ಅಂಕಣ ಅದರ ಫಲ.

ಮೊದಲು ಸ್ವಲ್ಪ ಹಿನ್ನೆಲೆ. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂದಾಗ ಅದರ ಹೆಸರಲ್ಲೇ ಪರ್ಸನಲ್ ಅಂತ ಇತ್ತು. ಒಬ್ಬ ಮನುಷ್ಯ, ಒಂದು ಕೀಬೋರ್ಡ್, ಒಂದು ಪರದೆ. ದೊಡ್ಡ ಕಂಪ್ಯೂಟರ್‌ಗಳ ಲೋಕದಲ್ಲಿ ದೂರದ ಟರ್ಮಿನಲ್‌ನಿಂದ ಕೆಲಸ ಮಾಡೋದು ಮಾಮೂಲು. ಅಲ್ಲಿ ಯಾರು ಬಂದ್ರು, ಯಾರು ಹೋದ್ರು ಅಂತ ನೋಡ್ಕೊಳ್ಳೋ ವ್ಯವಸ್ಥೆ ಮೊದಲಿಂದಲೂ ಇತ್ತು. ಪಿಸಿಗೆ ಅದ್ಯಾವುದೂ ಇಲ್ಲ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ಮುಂದೆ ಕೂತವನೇ ಯಜಮಾನ.

ಅದೇ 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಕೂಡ ಬಂತು. ಮೋಡೆಮ್ ಅಂದ್ರೆ ಸೊನ್ನೆ-ಒಂದುಗಳನ್ನ ಟೆಲಿಫೋನ್ ತಂತಿಯಲ್ಲಿ ಹೋಗೋ ಶಬ್ದ ಮಾಡೋ ಪೆಟ್ಟಿಗೆ. ಅಮೆರಿಕದಲ್ಲಿ ಆಗ ಚಾಲ್ತಿಯಲ್ಲಿದ್ದ 300 ಬಿಟ್ ವೇಗದ ಪದ್ಧತಿಯಲ್ಲಿ ಕರೆ ಮಾಡಿದ ಕಡೆಯವರದ್ದು 1070 ಮತ್ತು 1270 ಹರ್ಟ್ಜ್ ಸ್ವರಗಳು, ಎತ್ತಿಕೊಂಡ ಕಡೆಯವರದ್ದು 2025 ಮತ್ತು 2225. ಇಬ್ಬರೂ ಒಟ್ಟಿಗೇ ಹಾಡಬಹುದು, ಒಬ್ಬರದ್ದು ಇನ್ನೊಬ್ಬರಿಗೆ ಕಲಸೋದಿಲ್ಲ. ಸ್ಮಾರ್ಟ್‌ಮೋಡೆಮ್‌ನ ಹೆಚ್ಚುಗಾರಿಕೆ ಏನಂದ್ರೆ ಕಂಪ್ಯೂಟರೇ ಅದಕ್ಕೆ ಅಕ್ಷರಗಳಲ್ಲಿ ಆದೇಶ ಕೊಡಬಹುದಿತ್ತು. ಎಟಿಡಿಟಿ ಅಂತ ಬರೆದು ನಂಬರ್ ಕೊಟ್ಟರೆ ಡಯಲ್ ಮಾಡುತ್ತೆ. ಎಟಿಎಚ್ ಅಂದ್ರೆ ಫೋನ್ ಇಡುತ್ತೆ. ಎಟಿಎಸ್0=1 ಅಂದ್ರೆ ಮೊದಲ ರಿಂಗಿಗೇ ತಾನಾಗಿ ಎತ್ತಿಕೊಳ್ಳುತ್ತೆ. (ನೀವು ಇದನ್ನ ಓದ್ತಿರೋ ಫೋನ್ ಒಳಗಿನ ಮೋಡೆಮ್ ಚಿಪ್ ಕೂಡ ಬಹುಶಃ ಎಟಿಯಿಂದ ಶುರುವಾಗೋ ಆದೇಶಗಳನ್ನ ಇವತ್ತಿಗೂ ಅರ್ಥ ಮಾಡ್ಕೊಳ್ಳುತ್ತೆ. ಕೆಲವು ಭಾಷೆಗಳಿಗೆ ಸಾವಿಲ್ಲ.)

ತಾನಾಗಿ ಎತ್ತಿಕೊಳ್ಳೋ ಫೋನು ಒಂದು ಕಡೆ, ಯಾರು ಕೂತರೂ ಯಜಮಾನ ಅನ್ನೋ ಕಂಪ್ಯೂಟರ್ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸಿದ್ದು 1983ರಲ್ಲಿ ಬಂದ ಡಾಸ್ 2.0ದ ಆ ಸಿಟಿಟಿವೈ ಕಮಾಂಡ್.

ಅದು ಮಾಡೋದು ಬಹಳ ಸರಳ. "ಇನ್ನು ಮೇಲೆ ಕೀಬೋರ್ಡಿನ ಮಾತು ಕೇಳಬೇಡ, ಪರದೆಗೆ ಬರೀಬೇಡ, ಕೇಳೋದು ಬರೆಯೋದು ಎಲ್ಲ ಸೀರಿಯಲ್ ಪೋರ್ಟಿನಲ್ಲಿ" ಅಂತ ಡಾಸ್‌ಗೆ ಹೇಳುತ್ತೆ, ಅಷ್ಟೆ. ಆ ಪೋರ್ಟಿಗೆ ಮೋಡೆಮ್ ಸಿಕ್ಕಿಸಿದ್ರೆ ಮುಗೀತು. ಸಂಜೆ ಆಫೀಸ್ ಬಿಡುವಾಗ ಸಿಟಿಟಿವೈ ಕಾಮ್1 ಅಂತ ಟೈಪ್ ಮಾಡಿ, ಮನೆಗೆ ಹೋಗಿ, ಊಟ ಮಾಡಿ, ಮನೆಯ ಕಂಪ್ಯೂಟರ್‌ನಿಂದ ಆಫೀಸಿಗೆ ಡಯಲ್ ಮಾಡಿದ್ರೆ ಆಫೀಸಿನ ಸಿ ಡ್ರೈವ್ ನಿಮ್ಮ ಕೈಯಲ್ಲಿ. ಆಪಲ್ 2ರವರಿಗೂ ಇಂಥದ್ದೇ ಒಂದು ಉಪಾಯ ಇತ್ತು. ಮೋಡೆಮ್ ಕಾರ್ಡ್ ಎರಡನೇ ಸ್ಲಾಟಿನಲ್ಲಿದ್ರೆ ಇನ್#2, ಪಿಆರ್#2 ಅಂತ ಎರಡು ಆದೇಶ ಕೊಡೋರು.

ನನ್ನ ಹತ್ರ ಹಳೇ ಪಿಸಿ ಇಲ್ಲ, ಲ್ಯಾಂಡ್‌ಲೈನೂ ಇಲ್ಲ. ಹಾಗಾಗಿ ಲ್ಯಾಪ್‌ಟಾಪ್ ಒಳಗೇ ಒಂದು ವರ್ಚುವಲ್ ಮಷೀನಿಗೆ ಡಾಸ್ ಹಾಕಿ, ಅದರ ಸೀರಿಯಲ್ ಪೋರ್ಟಿಗೆ ಪೈಥಾನ್‌ನಲ್ಲಿ ಬರೆದ ಒಂದು ನಕಲಿ ಮೋಡೆಮ್ ಸಿಕ್ಕಿಸಿದೆ. ಹೇಯ್ಸ್ ಆದೇಶಗಳಲ್ಲಿ ಆರೇಳನ್ನ ಮಾತ್ರ ಕಲಿಸಿದೆ. ವೇಗಕ್ಕೆ ಬೇಕಂತಲೇ ಕಡಿವಾಣ ಹಾಕಿದೆ: 300 ಬಿಟ್, ಅಂದ್ರೆ ಒಂದು ಅಕ್ಷರಕ್ಕೆ ಆರಂಭ-ಅಂತ್ಯದ ಗುರುತು ಸೇರಿ 10 ಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 30 ಅಕ್ಷರ.

ಸಿಟಿಟಿವೈ ಕಾಮ್1 ಅಂದೆ. ಡಾಸ್ ಕಿಟಕಿ ಅಲ್ಲೇ ಕಲ್ಲಾಯ್ತು. ಎಷ್ಟು ಕುಟ್ಟಿದ್ರೂ ಒಂದಕ್ಷರ ಇಲ್ಲ. ಇನ್ನೊಂದು ಕಿಟಕಿಯಿಂದ ಡಯಲ್ ಮಾಡಿದ ಹಾಗೆ ಮಾಡಿ ಎಂಟರ್ ಒತ್ತಿದೆ, ಬಂತು, ಸಿ ಪ್ರಾಂಪ್ಟ್! ಡಿಐಆರ್ ಅಂತ ಹೊಡೆದ್ರೆ ಫೈಲುಗಳ ಹೆಸರು ಒಂದೊಂದೇ ಸಾಲು, ಸಾಲಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಟೈಪಿಸ್ಟ್ ಕೂತು ಹೊಡೆದಂಗೆ ಬರ್ತಾವೆ. ನಿಜ ಹೇಳ್ಬೇಕು ಅಂದ್ರೆ ಇಷ್ಟವಾಯ್ತು. ಓದೋ ವೇಗಕ್ಕೂ ಬರೋ ವೇಗಕ್ಕೂ ಹೊಂದುತ್ತೆ. ಸ್ಕ್ರೋಲ್ ಮಾಡಿ ಮಾಡಿ ಬೆರಳು ಸವೆದವರಿಗೆ ಒಂದು ಗಂಟೆ ಇದರಲ್ಲಿ ಕೂರಿಸಬೇಕು.

ಆಮೇಲೆ ಬೇಕಂತಲೇ ಲೈನ್ ಕಡಿದೆ. ನನಗೆ ನೋಡ್ಬೇಕಿದ್ದದ್ದು ಅದೇ.

ಮೊದಲನೇ ಸಲ ನಡೆದದ್ದು ನೋಡಿ ಒಬ್ಬನೇ ಕೂತು ನಕ್ಕೆ. ಲೈನ್ ಹೋದ ತಕ್ಷಣ ಮೋಡೆಮ್ ತನ್ನ ಕಂಪ್ಯೂಟರಿಗೆ 'ನೋ ಕ್ಯಾರಿಯರ್' ಅಂತ ವರದಿ ಕೊಡುತ್ತೆ. ಕಳಿಸೋದು ಅದೇ ಸೀರಿಯಲ್ ಪೋರ್ಟಿನಲ್ಲಿ. ಡಾಸ್ ಪಾಪ, ಅದನ್ನ ಯಾರೋ ಟೈಪ್ ಮಾಡಿದ ಕಮಾಂಡ್ ಅಂದ್ಕೊಂಡ್ತು. 'ನೋ' ಅನ್ನೋ ಪ್ರೋಗ್ರಾಮ್ ಹುಡುಕ್ತು. ಸಿಗಲಿಲ್ಲ. 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್' ಅಂತ ಉತ್ತರ ಕೊಡ್ತು. ಆ ಉತ್ತರ ಹೋದದ್ದು ಮೋಡೆಮ್‌ಗೆ. ಮೋಡೆಮ್‌ಗೆ ಬಂದ ಅಕ್ಷರಗಳನ್ನ ವಾಪಸ್ ತೋರಿಸೋ ಅಭ್ಯಾಸ, ಹಾಗಾಗಿ ಅದೇ ಸಾಲನ್ನ ಡಾಸ್‌ಗೆ ಮರಳಿಸ್ತು. ಡಾಸ್ ಈಗ 'ಬ್ಯಾಡ್' ಅನ್ನೋ ಪ್ರೋಗ್ರಾಮ್ ಹುಡುಕೋಕೆ ಹೋಯ್ತು. ಸಿಗಲಿಲ್ಲ. ಮತ್ತೆ ಬ್ಯಾಡ್ ಕಮಾಂಡ್. ಮದುವೆ ಮನೆಯಲ್ಲಿ ಕಿವಿ ಸರಿ ಕೇಳಿಸದ ಇಬ್ಬರು ಅಜ್ಜಂದಿರನ್ನ ಪಕ್ಕಪಕ್ಕ ಕೂರಿಸಿದ ಹಾಗೆ, ಯಾರಾದ್ರೂ ಬಂದು ಎಬ್ಬಿಸೋವರೆಗೂ ಅದೇ ಮಾತು.

ಇದಕ್ಕೆ ಆಗಿನವರಿಗೆ ಔಷಧಿ ಗೊತ್ತಿತ್ತು. ಎಟಿಇ0 ಅಂದ್ರೆ ಮೋಡೆಮ್ ಮರುನುಡಿಯೋದಿಲ್ಲ, ಎಟಿಕ್ಯೂ1 ಅಂದ್ರೆ ವರದಿ ಕೊಡೋದಿಲ್ಲ. ಎರಡನ್ನೂ ಹಾಕಿ ಮತ್ತೆ ಲೈನ್ ಕಡಿದೆ. ಈ ಸಲ ಪೂರ್ತಿ ಮೌನ. ಮೂರನೇ ಕಿಟಕಿ ತೆಗೆದು, ಬೇರೆ ಯಾರೋ ಕರೆ ಮಾಡಿದ ಹಾಗೆ ಡಯಲ್ ಮಾಡಿದೆ. ಎಂಟರ್ ಒತ್ತಿದೆ.

ಸಿ ಪ್ರಾಂಪ್ಟ್. ಮೊದಲನೆಯವನು ಯಾವ ಡೈರೆಕ್ಟರಿಯಲ್ಲಿ ಬಿಟ್ಟು ಹೋಗಿದ್ನೋ ಅದೇ ಡೈರೆಕ್ಟರಿಯಲ್ಲಿ.

ಇಲ್ಲಿ ನಗು ಬರಲಿಲ್ಲ. ಯಾರು ಅಂತ ಕೇಳಲಿಲ್ಲ, ಹಳಬನೋ ಹೊಸಬನೋ ನೋಡಲಿಲ್ಲ. ಲೈನ್ ಇದೆಯೋ ಇಲ್ಲವೋ ಅಂತ ಹೇಳೋಕೆ ಮೋಡೆಮ್ ಕೇಬಲ್‌ನಲ್ಲಿ ಒಂದು ಪ್ರತ್ಯೇಕ ತಂತಿಯೇ ಇದೆ, 25 ಪಿನ್‌ಗಳಲ್ಲಿ ಎಂಟನೆಯದು. ಡಾಸ್ ಅದರ ಕಡೆ ತಿರುಗಿಯೂ ನೋಡೋದಿಲ್ಲ. ಅದರ ಪಾಲಿಗೆ ಯಾರೂ ಹೋಗಿಲ್ಲ, ಯಾರೂ ಬಂದಿಲ್ಲ. ಯಜಮಾನ ಸ್ವಲ್ಪ ಹೊತ್ತು ಟೈಪ್ ಮಾಡೋದು ನಿಲ್ಲಿಸಿದ್ದ, ಈಗ ಮತ್ತೆ ಶುರು ಮಾಡಿದ್ದಾನೆ. ಫಾರ್ಮ್ಯಾಟ್ ಸಿ ಅಂತ ಹೊಡೆದ್ರೂ ಅದೇ ವಿಧೇಯತೆ. ಡಾಸ್ 2.0 ಜೊತೆ ಬಂದ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಇತ್ತು. ಇವತ್ತು ಮೂರು ಫೋಟೋ ಹಾಕಿದ್ರೆ ತುಂಬುತ್ತೆ, ಆವತ್ತು ಒಂದು ಅಂಗಡಿಯ ಇಡೀ ವರ್ಷದ ಲೆಕ್ಕ ಅದರಲ್ಲಿ ಇರ್ತಿತ್ತು.

ಸರಿಯಾಗಿ ಬಿಟ್ಟು ಬರೋ ದಾರಿ ಇರಲಿಲ್ಲವಾ? ಇತ್ತು. ಹೊರಡೋ ಮುಂಚೆ ಸಿಟಿಟಿವೈ ಕಾನ್ ಅಂದ್ರೆ ಅಧಿಕಾರ ಅಲ್ಲಿನ ಕೀಬೋರ್ಡಿಗೆ ವಾಪಸ್ ಹೋಗುತ್ತೆ. ಆಮೇಲೆ ನಿಮ್ಮ ಮೋಡೆಮ್‌ಗೆ ಮೂರು ಪ್ಲಸ್ ಚಿಹ್ನೆ ಒತ್ತಿ, ಎಟಿಎಚ್ ಅಂದು ಫೋನ್ ಇಡಬಹುದು. (ಆ ಪ್ಲಸ್‌ಗಳ ಹಿಂದೆ ಮುಂದೆ ಒಂದೊಂದು ಸೆಕೆಂಡ್ ಸುಮ್ಮನಿರಬೇಕು. ಇಲ್ಲದಿದ್ರೆ ಕಳಿಸ್ತಿರೋ ಫೈಲಿನಲ್ಲೇ ಮೂರು ಪ್ಲಸ್ ಬಂದಾಗ ಮೋಡೆಮ್ ಅದನ್ನ ತನಗೆ ಹೇಳಿದ್ದು ಅಂದ್ಕೊಳ್ಳುತ್ತೆ. ಆ ಒಂದು ಸೆಕೆಂಡಿನ ಮೌನಕ್ಕೆ ಹೇಯ್ಸ್‌ನವರು ಪೇಟೆಂಟ್ ತಗೊಂಡಿದ್ರು!) ಆದ್ರೆ ತೊಡಕು ನೋಡಿ. ಸಿಟಿಟಿವೈ ಕಾನ್ ಅಂದು ಬಂದ್ರೆ ನಾಳೆ ನೀವೇ ಮತ್ತೆ ಒಳಗೆ ಹೋಗೋಕಾಗಲ್ಲ. ಯಾರಾದ್ರೂ ಆ ಕಂಪ್ಯೂಟರ್ ಮುಂದೆ ಕೂತು ಮತ್ತೆ ಕಾಮ್1 ಅನ್ನಬೇಕು. ಅನ್ನದೇ ಬಂದ್ರೆ ನೀವೂ ಹೋಗಬಹುದು, ನಂಬರ್ ಸಿಕ್ಕ ಯಾರು ಬೇಕಾದ್ರೂ ಹೋಗಬಹುದು. ನಂಬರ್ ಸಿಗೋದು ಕಷ್ಟವೂ ಅಲ್ಲ. ಒಂದು ಊರಿನ ಎಲ್ಲ ನಂಬರ್‌ಗಳಿಗೂ ಸರದಿಯಾಗಿ ಡಯಲ್ ಮಾಡಿ ಎಲ್ಲೆಲ್ಲಿ ಮೋಡೆಮ್ ಎತ್ತುತ್ತೆ ಅಂತ ಪಟ್ಟಿ ಮಾಡೋ ಪ್ರೋಗ್ರಾಮ್‌ಗಳಿದ್ದವು. 1983ರ 'ವಾರ್‌ಗೇಮ್ಸ್' ಸಿನಿಮಾದ ಹುಡುಗ ಮಾಡೋದು ಅದನ್ನೇ. ಸಿನಿಮಾ ಬಂದ ಮೇಲೆ ಆ ಕೆಲಸಕ್ಕೆ ವಾರ್ ಡಯಲಿಂಗ್ ಅಂತಲೇ ಹೆಸರಾಯ್ತು.

ಇದಕ್ಕೂ ಐದು ವರ್ಷ ಹಿಂದೆ, 1978ರ ಫೆಬ್ರವರಿಯಲ್ಲಿ, ಷಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ತಮ್ಮ ಸಿಬಿಬಿಎಸ್ ಶುರು ಮಾಡಿದ್ರು. ಫೋನ್ ಮಾಡಿ ಸಂದೇಶ ಓದಬಹುದು, ಬರೆಯಬಹುದು. ಅಲ್ಲೂ ಪರರು ಬಂದು ನಿಮ್ಮ ಕಂಪ್ಯೂಟರ್ ಬಳಸೋದೇ, ಆದ್ರೆ ಅವರಿಗೆ ಸಿಗೋದು ಒಂದು ಪ್ರೋಗ್ರಾಮ್ ಮಾತ್ರ. ಜಗಲಿಯಲ್ಲಿ ಕೂತು ಮಾತಾಡಿಸಿ ಕಳಿಸಿದ ಹಾಗೆ. ಸಿಟಿಟಿವೈ ಬಂದವರನ್ನ ಸೀದಾ ಅಡುಗೆಮನೆಗೆ, ಬೀರುವಿಗೆ, ಎಲ್ಲ ಕಡೆಗೂ ಬಿಡ್ತಿತ್ತು.

ಲೈನ್ ಕಡಿದ ಮೇಲೆ ಏನು ಅನ್ನೋದಕ್ಕೆ ಜನ ಕಂಡ್ಕೊಂಡ ಮೊದಲ ಪರಿಹಾರ ಕಾವಲು ಪ್ರೋಗ್ರಾಮ್‌ಗಳು. ಮೆಮೊರಿಯ ಒಂದು ಮೂಲೆಯಲ್ಲಿ ಸುಮ್ಮನೆ ಕೂತು ಆ ಎಂಟನೇ ಪಿನ್ ಮೇಲೆ ಕಣ್ಣಿಟ್ಟಿರೋದು. ಲೈನ್ ಹೋಯ್ತು ಅಂದ ತಕ್ಷಣ ಮುಲಾಜಿಲ್ಲದೆ ಕಂಪ್ಯೂಟರನ್ನ ರೀಬೂಟ್ ಮಾಡೋದು. ಎದ್ದ ಮೇಲೆ ಆಟೋಎಕ್ಸೆಕ್ ಫೈಲ್ ಎಲ್ಲವನ್ನೂ ಮೊದಲಿಂದ ಸಜ್ಜು ಮಾಡುತ್ತೆ, ಪಾಸ್‌ವರ್ಡ್ ಕೇಳೋ ಪ್ರೋಗ್ರಾಮ್ ಇದ್ರೆ ಅದೂ ಸೇರಿ. ಒರಟು ಉಪಾಯ, ಆದ್ರೆ ಕೆಲಸ ಮಾಡ್ತಿತ್ತು. ಎ ಡ್ರೈವ್‌ನಲ್ಲಿ ಯಾರೂ ಫ್ಲಾಪಿ ಮರೆತು ಹೋಗದಿದ್ರೆ. ಮರೆತಿದ್ರೆ ರೀಬೂಟ್ ಆಗುವಾಗ ಪಿಸಿ ಮೊದಲು ಆ ಫ್ಲಾಪಿಯನ್ನ ನೋಡಿ, "ಇದು ಸಿಸ್ಟಮ್ ಡಿಸ್ಕ್ ಅಲ್ಲ, ಬದಲಾಯಿಸಿ ಯಾವುದಾದ್ರೂ ಕೀ ಒತ್ತಿ" ಅಂತ ಪರದೆ ಮೇಲೆ ಬರೆದು ಕಾಯುತ್ತಾ ನಿಲ್ಲುತ್ತೆ. ಖಾಲಿ ಆಫೀಸಿನಲ್ಲಿ, ಸೋಮವಾರ ಬೆಳಿಗ್ಗೆವರೆಗೆ. ಯಾವುದಾದ್ರೂ ಕೀ ಸಾಕು, ಆದ್ರೆ ಒತ್ತೋ ಬೆರಳು ಅಲ್ಲಿರಬೇಕು.

ಎರಡನೇ ತೊಂದರೆ ಬೇರೆ ಥರದ್ದು. ಸಿಟಿಟಿವೈ ಬಿಟ್ಟುಕೊಡೋದು ಡಾಸ್ ಮೂಲಕ ಹೋಗೋದನ್ನ ಮಾತ್ರ. ಆ ಕಾಲದ ಜನಪ್ರಿಯ ಪ್ರೋಗ್ರಾಮ್‌ಗಳು, ಲೋಟಸ್ 1-2-3 ಥರದವು, ವೇಗ ಬೇಕು ಅಂತ ಡಾಸನ್ನ ಕೇಳದೇ ನೇರ ಪರದೆಯ ಮೆಮೊರಿಗೇ ಬರೀತಿದ್ದವು. ದೂರದಿಂದ ಲೋಟಸ್ ಶುರು ಮಾಡಿದ್ರೆ ಲೆಕ್ಕದ ಹಾಳೆ ಖಾಲಿ ಆಫೀಸಿನ ಪರದೆ ಮೇಲೆ ತೆರ್ಕೊಳ್ಳುತ್ತೆ, ನಿಮಗೆ ಏನೂ ಕಾಣಲ್ಲ, ನೀವು ಒತ್ತೋ ಕೀ ಅದಕ್ಕೆ ಕೇಳಿಸಲ್ಲ. ಲೈನ್ ಚೆನ್ನಾಗೇ ಇದೆ, ನೀವು ಮಾತ್ರ ಹೊರಗೆ.

ಈ ತೊಡಕನ್ನ ಬಿಡಿಸಿದ್ದು ಕಾರ್ಬನ್ ಕಾಪಿ, ಪಿಸಿ ಎನಿವೇರ್ ಥರದ ಪ್ಯಾಕೇಜ್‌ಗಳು. ಪಿಸಿ ಎನಿವೇರ್ ಬಂದದ್ದು 1986ರಲ್ಲಿ. ಇವು ಡಾಸನ್ನ ನಂಬಿ ಕೂರಲಿಲ್ಲ, ಪರದೆಯ ಮೆಮೊರಿಯನ್ನೇ ಓದೋಕೆ ಶುರು ಮಾಡಿದವು. 80 ಅಕ್ಷರ ಅಗಲ, 25 ಸಾಲು ಅಂದ್ರೆ 2000 ಅಕ್ಷರ. ಇಡೀ ಪರದೆ ಕಳಿಸೋಕೆ 300 ಬಿಟ್ ವೇಗದಲ್ಲಿ ಒಂದು ನಿಮಿಷದ ಮೇಲೆ ಏಳು ಸೆಕೆಂಡ್ ಬೇಕು. 1200ರಲ್ಲಿ 17, 2400ರಲ್ಲಿ ಎಂಟೂ ಚಿಲ್ಲರೆ. ಒಂದು ಕೀ ಒತ್ತಿ ಅಷ್ಟು ಹೊತ್ತು ಕಾಯೋದು ಸಾಧ್ಯವಾ? ಅದಕ್ಕೆ ಈ ಪ್ರೋಗ್ರಾಮ್ ಹಿಂದೆ ಕಳಿಸಿದ ಪರದೆಯ ಒಂದು ಪ್ರತಿ ಇಟ್ಕೊಂಡು, ಈಗಿನದ್ರ ಜೊತೆ ಹೋಲಿಸಿ, ಬದಲಾದ ಅಕ್ಷರಗಳನ್ನ ಮಾತ್ರ ಕಳಿಸ್ತಿತ್ತು. ದೂರದಿಂದ ಬಂದ ಕೀಗಳನ್ನ ಅಲ್ಲೇ ಯಾರೋ ಒತ್ತಿದ ಹಾಗೆ ಒಳಗೆ ತಳ್ತಿತ್ತು. ಲೋಟಸ್‌ಗೆ ವ್ಯತ್ಯಾಸವೇ ಗೊತ್ತಾಗ್ತಿರಲಿಲ್ಲ. ಅಲ್ಲಿನ ಕೀಬೋರ್ಡೂ ಸಾಯ್ತಿರಲಿಲ್ಲ. ಇಬ್ಬರೂ ಒಂದೇ ಪರದೆ ನೋಡ್ತಾ ಕೆಲಸ ಮಾಡಬಹುದಿತ್ತು. ನಿನ್ನೆ ಮೀಟಿಂಗ್‌ನಲ್ಲಿ ನೀವು ಸ್ಕ್ರೀನ್ ಶೇರ್ ಮಾಡಿದ್ರಲ್ಲ, ಅದರಲ್ಲೂ ಬದಲಾದದ್ದನ್ನ ಮಾತ್ರ ಕಳಿಸೋ ಇದೇ ಲೆಕ್ಕಾಚಾರ ಇದೆ.

ಬಾಗಿಲಿನ ಪ್ರಶ್ನೆ ಮಾತ್ರ ಹೋಗಲೇ ಇಲ್ಲ. ಮೋಡೆಮ್ ಕಾಲ ಮುಗಿದು ಇಂಟರ್ನೆಟ್ ಬಂದ ಮೇಲೂ ಪಿಸಿ ಎನಿವೇರ್ ಉಳ್ಕೊಂಡಿತ್ತು. ಅದರ ಸೋರ್ಸ್ ಕೋಡ್ ಕಳುವಾಗಿದ್ದು ಬಯಲಿಗೆ ಬಂದಾಗ, 2012ರ ಜನವರಿಯಲ್ಲಿ, ಆಗ ಅದರ ಮಾಲೀಕರಾಗಿದ್ದ ಸಿಮ್ಯಾಂಟೆಕ್‌ನವರೇ ಸದ್ಯಕ್ಕೆ ಇದನ್ನ ಬಂದ್ ಮಾಡಿಡಿ ಅಂತ ಬಳಕೆದಾರರಿಗೆ ಹೇಳ್ಬೇಕಾಯ್ತು.

ಈ ಪ್ಯಾಕೇಜ್‌ಗಳ ಬಗ್ಗೆ ಓದ್ತಾ ಓದ್ತಾ ನಾನು ತಟ್ಟನೆ ನಿಂತಿದ್ದು ಒಂದು ಸೌಲಭ್ಯದ ಹತ್ರ. ಅದರ ಹೆಸರು ಕಾಲ್‌ಬ್ಯಾಕ್. ನೀವು ಆಫೀಸಿನ ಪಿಸಿಗೆ ಡಯಲ್ ಮಾಡ್ತೀರಿ. ಅದು ಎತ್ತುತ್ತೆ, ಹೆಸರು ಪಾಸ್‌ವರ್ಡ್ ಕೇಳುತ್ತೆ, ಆಮೇಲೆ ಒಳಗೆ ಬಿಡದೆ ಫೋನ್ ಇಟ್ಟುಬಿಡುತ್ತೆ. ತನ್ನ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಬರೆದಿಟ್ಟಿರೋ ನಂಬರ್ ತೆಗೆದು, ಅದಕ್ಕೆ ತಾನೇ ಡಯಲ್ ಮಾಡುತ್ತೆ. ಪಾಸ್‌ವರ್ಡ್ ಕದ್ದವನಿಗೂ ಪ್ರಯೋಜನ ಇಲ್ಲ, ಯಾಕಂದ್ರೆ ರಿಂಗ್ ಆಗೋದು ನಿಮ್ಮ ಮನೆಯಲ್ಲಿ.

ರಾತ್ರಿ ಎರಡು ಗಂಟೆಗೆ ನಾನು ಮನಸ್ಸಿನಲ್ಲೇ ಬೈದದ್ದು ಇದಕ್ಕೆ.

ಇದಕ್ಕೂ ಒಂದು ಕಳ್ಳದಾರಿ ಇತ್ತು ಅನ್ನಿ. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಕರೆ ಮಾಡಿದವನು ಫೋನ್ ಇಡೋವರೆಗೂ ಲೈನ್ ಬಿಡ್ತಿರಲಿಲ್ಲ. ಕಳ್ಳ ಫೋನ್ ಇಡದೇ ಕೂತು, ಡಯಲ್ ಟೋನ್ ಥರ ಶಬ್ದ ಕೇಳಿಸಿದ್ರೆ ಆ ಕಡೆಯ ಮೋಡೆಮ್ ಹೊಸ ಲೈನ್ ಸಿಕ್ತು ಅಂದ್ಕೊಂಡು ಅವನ ಕಿವಿಗೇ ಡಯಲ್ ಮಾಡ್ತಿತ್ತು. ಹಾಗಾಗಿ ವಾಪಸ್ ಕರೆಗೆ ಬೇರೆಯದೇ ಲೈನ್ ಇಟ್ಟರೆ ಒಳ್ಳೇದು ಅಂತ ತಿಳಿದವರು ಹೇಳೋರು.

ನಾನೀಗ ಫೈರ್‌ವಾಲ್ ಮುಟ್ಟೋ ಮೊದಲು, ಹತ್ತು ನಿಮಿಷದಲ್ಲಿ ಹಳೇ ನಿಯಮಗಳು ತಾವಾಗಿ ವಾಪಸ್ ಬರೋ ಹಾಗೆ ಒಂದು ಗಡುವು ಹಾಕ್ತೀನಿ. ಎಲ್ಲ ಸರಿಯಿದ್ರೆ ಒಳಗಿದ್ದುಕೊಂಡೇ ಗಡುವು ರದ್ದು ಮಾಡೋದು. ಸಿಕ್ಕಿಹಾಕ್ಕೊಂಡ್ರೆ ಹತ್ತು ನಿಮಿಷ ಟೀ ಕುಡಿಯೋದು. ರೌಟರ್ ನೋಡ್ಕೊಳ್ಳೋರು ಇದನ್ನ ಬಹಳ ಹಿಂದಿಂದ ಮಾಡ್ತಿದ್ದಾರಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸೋಮವಾರ ಆಫೀಸಿಗೆ ಹೋದಾಗ ಆ ಸೆಕ್ಯುರಿಟಿ ಅಣ್ಣನದ್ದು ಬೆಳಗಿನ ಪಾಳಿ. ಗೇಟಿನ ಹತ್ರ ಎರಡು ಕಾಫಿ ತರಿಸಿದೆ. ಆವತ್ತು ನೀವು ಮಾಡಿದ್ದಕ್ಕೆ ಕಂಪ್ಯೂಟರ್ ಲೋಕದಲ್ಲಿ ಒಂದು ಹೆಸರೇ ಇದೆ ಅಂತ ಹೇಳಿದೆ. ಅವರಿಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಬರಲಿಲ್ಲ.

"ಅದಿರ್ಲಿ ಸಾರ್, ಆವತ್ತು ನೀವು ಎಡಗಡೆಯಿಂದ ಮೂರನೇದು ಅಂದ್ರಿ" ಅಂದ್ರು. "ಬಾಗಿಲಿಂದ ನೋಡಿದ್ರೆ ಎಡಾನಾ, ಒಳಗಿಂದ ನೋಡಿದ್ರೆ ಎಡಾನಾ ಹೇಳಲಿಲ್ಲ. ನಾನು ಅಂದಾಜಿನ ಮೇಲೆ ಒತ್ತಿದ್ದು."

ಅವತ್ತೇ ಮಧ್ಯಾಹ್ನ ಲ್ಯಾಬ್‌ಗೆ ಹೋಗಿ ಎಲ್ಲ ಡಬ್ಬಿಗಳಿಗೂ ದೊಡ್ಡ ಅಕ್ಷರದಲ್ಲಿ ನಂಬರ್ ಬರೆದು ಅಂಟಿಸಿ ಬಂದೆ.